ರಂಗೂನ್ ಅಕ್ಕಿ ಕುಟ್ಟಿದ ದಿನ

"ನಿಲ್ಸೇ, ಕುಟ್ಟಬ್ಯಾಡ!" ಎಂದು ಸೂರಮ್ಮ ಹಿತ್ತಿಲಿನಿಂದ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಒರಳಿನಲ್ಲಿ ರಂಗೂನ್ ಅಕ್ಕಿ ನುಚ್ಚಾಗಿ, ನುಚ್ಚು ಹಿಟ್ಟಾಗಿ, ನಾದಿನಿ ನಾಗಕ್ಕನ ರೆಪ್ಪೆಯ ಮೇಲೂ ಬೆಳ್ಳಗೆ ಕೂತಿತ್ತು.

"ಕುಟ್ಟದೆ ಹೆಂಗೆ ಅತ್ತಿಗೆ ಬೇಯಿಸೋದು? ಯಾವ ಕಾಳನ್ನ ಕುಟ್ಟದೆ ಉಂಡೀವಿ?"

ಅವಳ ಮಾತೂ ಸುಳ್ಳಲ್ಲ. ಅವರ ಊರು ನನ್ನಿವಾಳದಲ್ಲಿ ನವಣೆ, ಸಾವೆ ಯಾವುದೂ ಒನಕೆಯ ಏಟು ತಿನ್ನದೆ ಮಡಕೆಗೆ ಇಳಿದದ್ದಿಲ್ಲ. ಗಿರಣಿಯಲ್ಲೇ ಹೊಟ್ಟು ಕಳಚಿಕೊಂಡು ಬರುವ ಅಕ್ಕಿಯನ್ನು ಆ ಮನೆ ಕಂಡದ್ದೇ ಅವತ್ತು. ಹಡಗಿನಲ್ಲಿ ಮದ್ರಾಸಿಗೆ, ರೈಲಿನಲ್ಲಿ ರಾಯದುರ್ಗಕ್ಕೆ, ಬಂಡಿಯಲ್ಲಿ ಚಳ್ಳಕೆರೆ ಸಂತೆಗೆ ಬಂದ ಅಕ್ಕಿ. ಸಮುದ್ರ ದಾಟಿದ್ದು ನಾಗಕ್ಕನ ಒನಕೆ ದಾಟಲಿಲ್ಲ.

ಮಧ್ಯಾಹ್ನಕ್ಕೆ ಮೊಳಕಾಲ್ಮೂರಿನ ಜಂಪಣ್ಣನವರು ಮಗನಿಗೆ ಸೂರಮ್ಮನ ಮಗಳನ್ನು ಒಪ್ಪಿ ವೀಳ್ಯ ತರುವವರಿದ್ದರು. "ಅಕ್ಕಿ ಅನ್ನ ಇರಲಿ, ನಮ್ಮ ಕಡೆ ಈಗ ಅದೇ ಉಣ್ಣೋದು" ಎಂದು ಮೊದಲೇ ಹೇಳಿ ಕಳಿಸಿದ್ದರು. ಅನ್ನದ ಬಣ್ಣ ನೋಡಿ ಮನೆತನ ಅಳೆಯುವ ಕಾಲ.

ಗಂಡ ಕ್ಯಾತಪ್ಪ ತಲೆ ಮೇಲೆ ಕೈ ಹೊತ್ತ. "ವೀಳ್ಯ ವಾಪಸ್ ಹೋಗ್ತೈತೆ ಕಣೇ."

ಮೈದುನ ಬೋರಣ್ಣ ಮಾತ್ರ ಹೊಟ್ಟೆ ಉಬ್ಬಿಸಿ, ಸಂತೆಯ ತೆಲುಗು ಅಕ್ಕಿ ಸಾಹುಕಾರನ ಮೂಗುದನಿ ತೆಗೆದ: "ಚೂಡಮ್ಮಾ, ಹೋದ್ವರ್ಸ ಎಲ್ಡು ಬಂಡಿ ಬಂತು, ಈ ವರ್ಸ ಇಪ್ಪತ್ತು! ಇನ್ನೈದು ವರ್ಸಕ್ಕೆ ನವಣೆ ಬಿತ್ತೋನೇ ಇರಲ್ಲ!"

ವೀಳ್ಯದ ಮಾತಿಗೆ ಅಳತೊಡಗಿದ್ದ ನಾಗಕ್ಕ ಫಕ್ಕನೆ ನಕ್ಕಳು. ಸೂರಮ್ಮ ನಗಲಿಲ್ಲ. "ಹಗೇವು ತೆಗೀರಿ" ಎಂದಳು.

ಅಂಗಳದಡಿಯ ಆ ಗುಳಿಯಲ್ಲಿ ಪ್ಲೇಗಿನ ವರ್ಷ ತುಂಬಿಟ್ಟ ನವಣೆಯಿತ್ತು. ಬಾಯಿಯ ಕಲ್ಲು ಸರಿಸಿ, ಒಳಗಿನ ಕಾವು ಆರಲು ಬಿಟ್ಟು, ಉಸಿರಾಡುವ ಗಾಳಿ ಇದೆಯೋ ನೋಡಲು ಬೋರಣ್ಣ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟ. ದೀಪ ಆರಲಿಲ್ಲ, ಅವನೂ ಇಳಿದ. ಗೋಡೆಗೆ ತಾಗಿದ ಕಾಳು ಕಪ್ಪಾಗಿತ್ತು. ನಡುವಿನದು ನಿನ್ನೆ ಒಕ್ಕಿದಂತಿತ್ತು. ನಾಲ್ಕು ಒನಕೆ ಎದ್ದವು. ಈ ಸಲ ನಾಗಕ್ಕನನ್ನು ಯಾರೂ ತಡೆಯಲಿಲ್ಲ.

ಎಲೆಗೆ ಹಳದಿ ಅನ್ನ ಬಿದ್ದಾಗ ಜಂಪಣ್ಣನವರ ಹುಬ್ಬು ಏರಿತು. "ಇದೇನಮ್ಮ? ಅಕ್ಕಿ ಅಂದಿದ್ವಲ್ಲ?"

ಕ್ಯಾತಪ್ಪ ಏನೋ ಸುಳ್ಳು ಹುಡುಕುತ್ತಿದ್ದ. ಸೂರಮ್ಮ ಸೌಟು ಹಿಡಿದೇ ಹೇಳಿದಳು: "ತಂದಿದ್ವಿ ಬೀಗ್ರೇ. ಬೇಯಿಸೋಕೆ ಬರ್ದೆ ಕುಟ್ಟಿ ಹಾಳು ಮಾಡಿದ್ವಿ. ಇದು ನಾನೇ ಬಿತ್ತಿದ್ದು. ಹನ್ನೊಂದು ವರ್ಸ ನೆಲದಾಗಿದ್ರೂ ಹುಳ ಮುಟ್ಟಿಲ್ಲ. ಉಂಡು ನೋಡ್ರಿ. ಆಮೇಲೆ ವೀಳ್ಯ ವಾಪಸ್ ತಗಂಡೋಗ್ತೀವಿ ಅಂದ್ರೂ ಬ್ಯಾಡ ಅನ್ನಲ್ಲ."

ಜಂಪಣ್ಣ ಹುರುಳಿ ಸಾರು ಕಲಸಿ ಒಂದು ತುತ್ತು ಉಂಡರು. ಇನ್ನೊಂದು. ಎರಡನೇ ಸಲ ಬಡಿಸಿದ್ದೂ ಹೋಯಿತು. ಮೂರನೇ ಸಲ ಎಲೆಯನ್ನು ತಾವೇ ಮುಂದೆ ತಳ್ಳಿದರು.

"ರಂಗೂನಿಂದು ಉಂಡ್ರೆ ಕೈ ತೊಳೆಯೋದ್ರಾಗೆ ಮತ್ತೆ ಹಸಿವು ಕಣಮ್ಮ. ಹಾಕು, ಹಾಕು. ಆಮೇಲೆ ಹೆಣ್ಣನ್ನ ಕರೀರಿ, ವೀಳ್ಯ ಕೊಡಾನ."

ಬಂಡಿ ಹೂಡಿದ ಮೇಲೆ ಅವರು ತಿರುಗಿ ಬಂದು, ತುಸು ಸಂಕೋಚದಿಂದ, "ನಮ್ಮಲ್ಲಿ ಬಿತ್ತನೆ ನವಣೆ ಒಂದು ಹಿಡಿನೂ ಉಳಿದಿಲ್ಲ" ಎಂದರು.

ಸೂರಮ್ಮ ಬೀಜಕ್ಕೆಂದು ಜಂತಿಗೆ ಕಟ್ಟಿದ್ದ ಹೋದ ವರ್ಷದ ತೆನೆಗಳನ್ನು ಬಿಚ್ಚಿ ತಂದಳು. ಜಂಪಣ್ಣ ಹೆಗಲ ಮೇಲಿನ ರೇಷ್ಮೆ ಅಂಚಿನ ಶಲ್ಯ ತೆಗೆದು ಅಂಗಳದ ಮಣ್ಣಿಗೇ ಹಾಸಿದರು. ಅವಳು ಅದರ ಮುಂದೆ ಕೂತು, ಅವಸರವಿಲ್ಲದೆ, ಅಂಗೈಗಳ ನಡುವೆ ಮೊದಲ ತೆನೆ ಉಜ್ಜತೊಡಗಿದಳು.