ಗುಡುಗತ್ತೆಯ ನಾಲ್ಕು ಗಂಟೆ

"ಅಂದೆ. ದಿನಾ ಅಂತೀನಿ. ಮುಟ್ಟಿದ್ರೆ ಕೈ ಮುರೀತೀನಿ ಅಂತ ಹತ್ತು ವರ್ಷದಿಂದ ಅಂತಾನೇ ಇದೀನಿ. ಯಾರ ಕೈ ಮುರಿದಿದೆ, ಕರ್ಕೊಂಡು ಬಂದು ತೋರ್ಸಿ."

"ಅಕ್ಕಾ, ಮೆಲ್ಲಗೆ ಮಾತಾಡಿ. ಮಕ್ಕಳು ಬರೋ ಹೊತ್ತು."

"ಬರ್ಲಿ. ನನ್ನ ಗಂಟಲು ಅವರಿಗೇನು ಹೊಸದಾ? ನಿಮಗೆ ಹೊಸದು."

ಶಾಲೆ ಬಿಟ್ಟ ಮೇಲೆ ಅಪ್ಪ ಅಮ್ಮ ಕೆಲಸದಿಂದ ಬರುವ ತನಕ ಮೂವತ್ತು ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಮನೆ ಅದು. ಅಲ್ಲಿ ನಾಲ್ಕು ಗಂಟೆಯ ತಿಂಡಿ ಮಾಡುವವಳು ಈ ಹೆಂಗಸು. ವಯಸ್ಸು ಐವತ್ತರ ಆಸುಪಾಸು, ಕೋಪ ಮೂಗಿನ ತುದಿಯಲ್ಲಿ. ಮಕ್ಕಳು ಇಟ್ಟ ಹೆಸರು ಗುಡುಗತ್ತೆ. ಎದುರು ನಿಂತವಳು ಮೇಡಂ, ಮನೆ ನಡೆಸುತ್ತಿದ್ದ ಮುದುಕಿಯ ಸೊಸೆ. ಮುದುಕಿಗೆ ಮಂಡಿನೋವು ಹೆಚ್ಚಾಗಿ ಎರಡು ತಿಂಗಳ ಹಿಂದಷ್ಟೇ ಬೀಗದ ಕೈಗಳು ಸೊಸೆಯ ಪಾಲಿಗೆ ಬಂದಿದ್ದವು.

ಜಗಳಕ್ಕೆ ಕಾರಣ ಒಂದು ಫೋನು. ಮಾಡಿದವನು ಆ ಮನೆಗೆ ಬರುವ ಕಡ್ಡಿ ಎಂಬ ಹುಡುಗಿಯ ಅಪ್ಪ, ಲಿಫ್ಟ್ ರಿಪೇರಿ ಮಾಡುವವನು. ಕಡ್ಡಿಗೆ ಐದು ವರ್ಷ. ಹೆಸರಿಗೆ ತಕ್ಕ ಮೈ. ತೂಕ ಏರುತ್ತಿಲ್ಲ ಎಂದು ಡಾಕ್ಟರು ಗದರಿಸಿ ಕಳಿಸಿದ್ದ ಹೊತ್ತಿಗೇ ಮಗಳು ಮನೆಯಲ್ಲಿ ಬಾಯಿಬಿಟ್ಟಿದ್ದಳು: "ತಿಂಡಿ ಮುಟ್ಟಿದ್ರೆ ಅತ್ತೆ ಕೈ ಮುರೀತಾಳೆ." ಅಪ್ಪನಿಗೆ ಅಷ್ಟು ಸಾಕಾಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರಿಗೇನು ಬರ.

ನಿಜ ಬೇರೆಯೇ ಇತ್ತು. ಕೆಲಸಕ್ಕೆ ಸೇರಿದ ವರ್ಷ ಗುಡುಗತ್ತೆ ತಟ್ಟೆಗಳಲ್ಲಿ ತಿಂಡಿ ಬಡಿಸಿ, ಮಕ್ಕಳು ಬಿಟ್ಟ ಅರ್ಧಕ್ಕರ್ಧವನ್ನು ಬಕೆಟ್ಟಿಗೆ ಸುರಿಯುತ್ತಿದ್ದಳು. ಒಂದು ದಿನ ಬೇಯಿಸಿದ ಗೆಣಸನ್ನು ಆರಲು ಕಿಟಕಿಯ ಕಟ್ಟೆಯ ಮೇಲಿಟ್ಟು ಪಾತ್ರೆ ತೊಳೆಯಲು ತಿರುಗಿದಳು. ಮತ್ತೆ ನೋಡುವಾಗ ಅರ್ಧ ಖಾಲಿ. ರೇಗಿ, ಮುಟ್ಟಿದರೆ ಕೈ ಮುರಿಯುತ್ತೇನೆ ಎಂದು ಕೂಗಿದಳು. ಮರುದಿನ ಪೂರ್ತಿ ಖಾಲಿ. ಓದಿದ್ದು ಊರ ಶಾಲೆಯಲ್ಲಿ ನಾಲ್ಕು ಕ್ಲಾಸಾದರೂ ಇಷ್ಟು ಅರ್ಥವಾಗದಷ್ಟು ಪೆದ್ದಿಯಲ್ಲ. ಅಂದಿನಿಂದ ಅದೇ ಪದ್ಧತಿ. ಕ್ಯಾರೆಟ್ ಹಸಿಯದು ಗಂಟಲಿಗೆ ಸಿಕ್ಕೀತೆಂದು ಆವಿಯಲ್ಲಿ ಮೆತ್ತಗೆ ಮಾಡಿ ಬೆರಳುದ್ದ ಕತ್ತರಿಸುವುದು. ದ್ರಾಕ್ಷಿಯನ್ನು ಉದ್ದಕ್ಕೆ ಸೀಳುವುದು. ಕಡಲೆಕಾಯಿ ಬೀಜವನ್ನು ನುಣ್ಣಗೆ ಅರೆದು ಬಾಳೆಹಣ್ಣಿನ ಬಿಲ್ಲೆಗೆ ತೆಳ್ಳಗೆ ಸವರುವುದು. ಎಲ್ಲವನ್ನೂ ಕಟ್ಟೆಯ ಮೇಲಿಟ್ಟು, ಒಮ್ಮೆ ಗುಡುಗಿ, ಬೆನ್ನು ತಿರುಗಿಸಿ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುವುದು. ಬೆನ್ನ ಹಿಂದೆ ಕಿಸಿಕಿಸಿ ನಗು, ಬರಿಗಾಲ ಸದ್ದು. ಕಡ್ಡಿ ಬಂದ ಮೇಲೆ ಅವಳ ಸದ್ದು ಬೇರೆಯಾಗಿ ಗೊತ್ತಾಗುತ್ತಿತ್ತು. ಎರಡು ಸಲ ಬರುತ್ತಿದ್ದಳು. ಒಂದೊಂದು ದಿನ ಮೂರು ಸಲ.

ಇದನ್ನೆಲ್ಲ ಹೇಳಿದರೆ ಮೇಡಂ ಮುಖ ಗಂಟಿಕ್ಕಿತು.

"ಅಂದ್ರೆ ಮಕ್ಕಳಿಗೆ ಕಳ್ಳತನ ಕಲಿಸ್ತಾ ಇದೀರಿ."

"ಕದ್ದ ಕ್ಯಾರೆಟ್ ಹೊಟ್ಟೆಗೆ ಹೋಗಲ್ವಾ ಮೇಡಂ? ದಾರಿ ತಪ್ಪಿ ಕಾಲಿಗೆ ಹೋಗುತ್ತಾ?"

ಮೇಡಂ ನಗಲಿಲ್ಲ. ನಾಳೆಯಿಂದ ಮೇಜು, ಪ್ರಾಣಿ ಚಿತ್ರದ ತಟ್ಟೆ, ಗೋಡೆಯ ಮೇಲೆ ವಾರದ ಪಟ್ಟಿ, ಬಾಯಲ್ಲಿ ಒಳ್ಳೆಯ ಮಾತು ಎಂದು ಹೇಳಿ ಹೋದಳು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಎಂದು ಗೊಣಗಿದರೂ ಗುಡುಗತ್ತೆ ಹಾಗೆಯೇ ಮಾಡಿದಳು. ಈ ಕೆಲಸ ಬಿಟ್ಟರೆ ಅವಳಿಗೆ ಬೇರೆ ಕೆಲಸ ಬರುತ್ತಿರಲಿಲ್ಲ.

"ಬನ್ನಿ ಮಕ್ಕಳೇ, ತಿನ್ನಿ ಕಂದಾ," ಎಂದಳು ಮೊದಲ ದಿನ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅತ್ತೆ, ನಿಂಗೆ ಜ್ವರಾನಾ?" ಎಂದ ಹಲ್ಲು ಬಿದ್ದ ಹುಡುಗನೊಬ್ಬ.

ತಟ್ಟೆಯ ಮೇಲಿನ ಆನೆ ಅರ್ಧವೇ ಕಂಡಿತು, ಉಳಿದರ್ಧ ತಿನ್ನದ ಮೊಟ್ಟೆಯಡಿ. ಎರಡನೇ ದಿನವೂ ಅಷ್ಟೇ. ಕಡ್ಡಿ ಒಂದು ಚೂರು ಸೇಬನ್ನು ಕೆನ್ನೆಯೊಳಗೆ ಇಟ್ಟುಕೊಂಡು ಐದೂವರೆವರೆಗೆ ಕೂತಳು. ಅವಳಪ್ಪ ಕರೆದೊಯ್ಯಲು ಬಂದಾಗ ಗೇಟಿನ ಹತ್ತಿರ ಉಗುಳಿದಳು. ಗುಡುಗತ್ತೆಗೆ ಸುಮ್ಮನೆ ಕೂರಲಾಗಲಿಲ್ಲ. ಒಲೆ ಒರೆಸಿದಳು, ಒರೆಸಿದ್ದನ್ನೇ ಒರೆಸಿದಳು, ಡಬ್ಬಗಳನ್ನು ಇಳಿಸಿ ಮತ್ತೆ ಹತ್ತಿಸಿದಳು. ಮೂರನೇ ದಿನ ಕಡ್ಡಿ ಮೇಜಿನ ಮೇಲೆ ತಲೆಯಿಟ್ಟು ನಿದ್ದೆಹೋದಳು. ಮುಚ್ಚಿದ ರೆಪ್ಪೆಗಳ ಸುತ್ತ ಕಪ್ಪು ಕಂಡಿತು. ಅದನ್ನು ನೋಡಿದ ಮೇಲೆ ಗುಡುಗತ್ತೆ ಮೇಡಂ ಕೋಣೆಗೆ ನುಗ್ಗಿದಳು.

"ಆ ಮಗು ಮೂರು ದಿನದಿಂದ ಏನೂ ತಿಂದಿಲ್ಲ. ನನ್ನ ಕಟ್ಟೆ ನನಗೆ ಬಿಡಿ."

ಮೇಡಂ ಕೆಟ್ಟವಳಲ್ಲ. ಯೋಚಿಸಿ ಒಂದು ದಾರಿ ಹುಡುಕಿದಳು. "ನಾಳೆ ಅವಳಪ್ಪನ್ನ ನಾಲ್ಕು ಗಂಟೆಗೇ ಬರೋಕೆ ಹೇಳ್ತೀನಿ. ಅವರ ಎದುರಿಗೆ ಮಕ್ಕಳಿಗೆ ಹೇಳಿಬಿಡಿ, ತಿಂಡಿ ನಿಮಗೋಸ್ಕರಾನೇ ಇಡ್ತಿದ್ದೆ, ತಮಾಷೆಗೆ ಬೈತಿದ್ದೆ ಅಂತ. ಅಲ್ಲಿಗೆ ಮುಗೀತು. ಕಟ್ಟೆ ನಿಮ್ಮದೇ."

ಗುಡುಗತ್ತೆ ಒಪ್ಪಿದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವಂಥ ಮಾತು ಅದು.

ಮರುದಿನ ಅಪ್ಪ ಬಂದ. ತೋಳಿಗೆ ಗ್ರೀಸಿನ ಕಲೆ, ಕೈಯಲ್ಲಿ ಹೆಲ್ಮೆಟ್ಟು, ಕೆಲಸದ ನಡುವೆ ಓಡಿ ಬಂದ ಏದುಸಿರು. ಮೂವತ್ತು ಮಕ್ಕಳೂ ಮೇಜಿನ ಸುತ್ತ ಕೂತಿದ್ದರು. ಯಾರೂ ತಿನ್ನುತ್ತಿರಲಿಲ್ಲ. ಅರವತ್ತು ಕಿವಿಯೂ ಇತ್ತಲೇ.

"ಹೇಳಿ ಅಕ್ಕಾ," ಎಂದಳು ಮೇಡಂ.

ಗುಡುಗತ್ತೆ ಬಾಯಿ ತೆರೆದಳು. ಆಗ ಕಡ್ಡಿಯ ಕಣ್ಣು ಕಂಡಿತು. ಹುಡುಗಿ ಅವಳನ್ನು ನೋಡುತ್ತಿರಲಿಲ್ಲ, ಅವಳ ಬೆನ್ನ ಹಿಂದಿನ ಕಿಟಕಿಯ ಕಟ್ಟೆಯನ್ನು ನೋಡುತ್ತಿದ್ದಳು. ಅಲ್ಲಿ ಅಪ್ಪನಿಗೆಂದು ಮುಚ್ಚಿಟ್ಟ ತಟ್ಟೆಯಿತ್ತು. ಯಾರೂ ತಿನ್ನು ಎನ್ನದ ತಟ್ಟೆ ಅದೊಂದೇ.

ನಿಮಗೇ ಇಟ್ಟಿದ್ದು ಎಂದು ಒಮ್ಮೆ ಹೇಳಿಬಿಟ್ಟರೆ, ಕಟ್ಟೆಯೂ ಇನ್ನೊಂದು ಮೇಜೇ; ಅಲ್ಲಿಂದಲೂ ಯಾರೂ ಕದ್ದು ತಿನ್ನುವುದಿಲ್ಲ.

"ಹೊರಗೆ ಬನ್ನಿ ಅಣ್ಣಾ, ಅಲ್ಲಿ ಹೇಳ್ತೀನಿ."

"ಒಳಗೊಂದು ಹೊರಗೊಂದು ಯಾಕೆ? ಹೆದರಿರೋದು ಮಕ್ಕಳು. ಮಕ್ಕಳ ಎದುರಿಗೇ ಹೇಳಿ."

"ಇಲ್ಲಿ ಆಗಲ್ಲ."

"ಹಾಗಾದ್ರೆ ಕೈ ಮುರೀತೀನಿ ಅಂದಿದ್ದು ನಿಜ."

ಗುಡುಗತ್ತೆ ಸೆರಗಿನಿಂದ ಕೈ ಒರೆಸಿಕೊಂಡಳು.

"ನಿಜ. ನನ್ನ ಅಡುಗೆಮನೇಲಿರೋದು ನಂದು. ಯಾರಿಗೂ ಇಟ್ಟಿದ್ದಲ್ಲ."

ಅಪ್ಪ ಮೇಡಂ ಕಡೆ ತಿರುಗಿದ. "ಇಂಥವರು ಇರೋ ಕಡೆ ನನ್ನ ಮಗಳು ಇರಲ್ಲ."

"ಅವಳು ಇರ್ಲಿ," ಎಂದಳು ಗುಡುಗತ್ತೆ. "ನಾನು ಹೊರಟೆ."

ಕೈಚೀಲ ತೆಗೆದುಕೊಂಡು ಹಿಂಬಾಗಿಲಿನಿಂದ ಇಳಿದಳು. ಮೇಡಂ ಗೇಟಿನ ತನಕ ಓಡಿ ಬಂದಳು.

"ಏನಕ್ಕಾ ಇದು? ಎರಡು ಮಾತು ಹೇಳೋಕೆ ಏನಾಗಿತ್ತು ನಿಮಗೆ?"

"ಮಕ್ಕಳಿಗೆ ಕೇಳ್ತಿತ್ತು. ಈಗ ನೀವು ಕೇಳಿ. ಕಟ್ಟೆ ಮೇಲಿರೋ ತಟ್ಟೆ ತೆಗೀಬೇಡಿ. ಹೆಸರುಕಾಳು ಬಟ್ಟೇಲಿ ಕಟ್ಟಿಟ್ಟಿದೀನಿ, ನಾಳೆ ಮೊಳಕೆ ಬಂದಿರುತ್ತೆ. ಹಸೀದು ಕೊಡ್ಬೇಡಿ, ಆವಿಯಲ್ಲಿ ಬೇಯಿಸಿ. ಬೈಯೋಕೆ ಬರದಿದ್ರೆ ಸುಮ್ನೆ ಬೆನ್ನು ತಿರುಗಿಸಿ. ಆ ಮನುಷ್ಯನಿಗೂ ಆಮೇಲೆ ಒಬ್ಬನೇ ಇರುವಾಗ ಹೇಳಿ, ಅವನ ಮಗಳು ತಿನ್ನೋಳೇ ಅಂತ."

"ನೀವೇ ನಾಳೆ ಬಂದು ಹೇಳಿ. ನಾನು ಮಾತಾಡಿ ಸರಿಮಾಡ್ತೀನಿ."

ಗುಡುಗತ್ತೆ ಗೇಟು ದಾಟಿ ಹೊರಟಳು. ಬಸ್‌ಸ್ಟಾಪಿನಲ್ಲಿ ಕೂರಲಾಗದೆ ಮುಂದಿನ ಸ್ಟಾಪಿಗೆ ನಡೆದಳು, ಅಲ್ಲಿಂದ ಅದರ ಮುಂದಿನದಕ್ಕೆ. ಮರುದಿನ ಮೇಡಂ ಮೂರು ಸಲ ಫೋನು ಮಾಡಿದಳು. ಆ ವಾರ ಮುಗಿದರೂ ಗುಡುಗತ್ತೆ ಆ ಬೀದಿಗೆ ಕಾಲಿಡಲಿಲ್ಲ.