ಲಕೋಟೆಯೊಳಗಿನ ಮಾತು

ಗಂಡನ ಕೊರಳಿನಿಂದ ಜಾರಿದ ಹಾರವನ್ನು ಅನಸವ್ವ ಸರಿಮಾಡುತ್ತಿರುವಾಗಲೇ ಮೈದುನ ಮಲ್ಲಿನಾಥ ಹೊಸ್ತಿಲು ದಾಟಿದ. ಒಂಬತ್ತು ವರ್ಷದ ಮೇಲೆ ಬಂದವನು. ಗೋಡೆಗೆ ಒರಗಿಸಿ ಕೂರಿಸಿದ್ದ ಅಣ್ಣನ ಹೆಣ ಕಂಡು ಅಲ್ಲೇ ನಿಂತುಬಿಟ್ಟ.

"ಮಣ್ಣ ಎಷ್ಟ ಗಂಟೇಕ?" ಯಾರೋ ಕೇಳಿದರು.

"ನಾಕಕ್ಕ," ಎಂದ ನೆರೆಮನೆಯ ಹುಲೆಪ್ಪ. "ತಮ್ಮ ಬಂದ್ನಲ್ಲ, ಇನ್ನ ಯಾರ ಹಾದಿ ಕಾಯೂದೈತಿ?"

ರಬಕವಿಯ ಈ ಮನೆಯಲ್ಲಿ ಅವಳ ಗಂಡ ಕಾಶಪ್ಪ ಸೀರೆಯ ಡಿಸೈನ್ ಬರೆಯುತ್ತಿದ್ದ. ಬನಹಟ್ಟಿಯ ಶೆಡ್ಡಿನಲ್ಲಿ ಮಲ್ಲಿನಾಥ ಅದನ್ನು ನೇಯುತ್ತಿದ್ದ. ಅಪ್ಪನ ಮಗ್ಗ ಪಾಲಾದಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಏನಿದ್ದರೂ ಅನಸವ್ವನ ಮೂಲಕ.

*

ಡಿಸೈನ್ ಈ ಮನೆಯಿಂದ ನೇರ ಮಗ್ಗಕ್ಕೇ ಹೋಗಲೆಂದು ಇಂಟರ್ನೆಟ್ಟಿನೊಳಗೆ 'ಟನಲ್' ಎಂಬ ದಾರಿ ಕೂಡಿಸಿದ ದಿನ ಅವಳಿಗೆ ಚೆನ್ನಾಗಿ ನೆನಪಿದೆ.

"ಅವನ ಮಗ್ಗದ ಮಷಿನ್ ಹಳೇದು. ಅದರ ಮಾತು ಇಂಟರ್ನೆಟ್ಟಿಗೆ ತಿಳಿಯೂದಿಲ್ಲ," ಎಂದಿದ್ದ ಕಾಶಪ್ಪ. "ಅದಕ್ಕ ಆ ಮಾತು ಇಂಟರ್ನೆಟ್ಟಿನ ಲಕೋಟಿಯೊಳಗ ಹಾಕಿ ಕಳಸೂದು. ಆ ಕಡೆ ಹರದ್ರ ಒಳಗಿಂದು ಇದ್ದಂಗ ಇರ್ತೈತಿ."

ಅವಳ ಕಿವಿಯಲ್ಲಿ ಫೋನು, ಆ ತುದಿಗೆ ಮಲ್ಲಿನಾಥ.

"ಆ ಕತ್ತಿಗೆ ಹೇಳು, ಎರಡೂ ಕಡೆ ಒಂದ ಕೀ ನಂಬರ ಇರಬೇಕು," ಎಂದ ಕಾಶಪ್ಪ.

"ಮಲ್ಲಿನಾಥ, ಎರಡೂ ಕಡೆ ಒಂದ ಕೀ ಹಾಕಬೇಕಂತಪಾ."

ಕತ್ತೆಯನ್ನು ಅವಳು ನುಂಗಿದ್ದಳು. ಹಾಗೆ ಎಷ್ಟು ಕತ್ತೆ ನುಂಗಿದಳೋ! ಕಪಾಟಿನ ಮೇಲಿನ ಇಂಟರ್ನೆಟ್ಟಿನ ಡಬ್ಬಿಯಲ್ಲಿ ಹಸಿರು ದೀಪ ಮಿಣುಕಿದಾಗ ಕಾಶಪ್ಪ ಚಪ್ಪಾಳೆ ತಟ್ಟಿದ. "ಇನ್ನ ಹತ್ತ ಸೆಕೆಂಡಿಗೊಮ್ಮಿ ಈ ಡಬ್ಬಿ 'ಅಲ್ಲೇ ಅದೀಯೇನ' ಅಂತ ಕೇಳ್ತೈತಿ. ಆ ಕಡೆ ಡಬ್ಬಿ 'ಇಲ್ಲೇ ಅದೇನಿ' ಅಂತೈತಿ."

ಹೋದ ಯುಗಾದಿಗೆ ಅವನು, "ತಮ್ಮಗ ಊಟಕ್ಕ ಬರಾಕ ಹೇಳು," ಎಂದ. ತಮ್ಮ ಅಂದದ್ದು ಅದೇ ಮೊದಲು. ಆದರೆ ತವರಿನಲ್ಲಿ ತನ್ನ ತಾಯಿ ಸತ್ತಾಗ ಮಣ್ಣಿಗೂ ಬಾರದವನನ್ನು ತಾನೇಕೆ ಕರೆಯಬೇಕು? ಅನಸವ್ವ ಆ ಮಾತನ್ನೂ ನುಂಗಿದಳು. ಮಧ್ಯಾಹ್ನ ಮೂರು ಗಂಟೆಯವರೆಗೆ ಉಣ್ಣದೆ ಕಾಯ್ದ ಕಾಶಪ್ಪ ಮತ್ತೆಂದೂ ಕರೆಯಲಿಲ್ಲ.

*

ಹತ್ತಿರ ಬಂದ ಮಲ್ಲಿನಾಥ ರೂಢಿಯಂತೆ ಅತ್ತಿಗೆಯ ಕಡೆಗೇ ತಿರುಗಿದ.

"ವೈನಿ, ಅಣ್ಣಗ ಹೇಳ್ರಿ... ನಾ ಬಂದೇನಿ ಅಂತ."

ಅನಸವ್ವನಿಗೆ ದುಃಖ ಒತ್ತರಿಸಿ ಬಂತು. "ಯುಗಾದಿಗೆ ನಿನ್ನ ಊಟಕ್ಕ ಕರದಿದ್ರಪಾ. 'ತಮ್ಮಗ ಹೇಳು' ಅಂದಿದ್ರು. ಉಣದ ಕಾಯ್ದ್ರು. ನಾನ ಪಾಪಿ, ಮುಟ್ಟಸಲಿಲ್ಲ."

ಮಲ್ಲಿನಾಥ ಬೈಯಲಿಲ್ಲ.

"ಅಂವಾ ಕತ್ತಿ ಅಂದದ್ದೆಲ್ಲಾ ಫೋನಿನ್ಯಾಗ ನನಗ ಕೇಳತಿತ್ತರಿ, ವೈನಿ. ಇದೊಂದ ಕೇಳಲಿಲ್ಲ."

ಅನಸವ್ವ ಇಬ್ಬರ ನಡುವಿನಿಂದ ಎದ್ದು ಪಕ್ಕಕ್ಕೆ ಸರಿದಳು. ಮಲ್ಲಿನಾಥ ಮೊಣಕಾಲೂರಿ ಅಣ್ಣನ ಕಿವಿಗೆ ಬಾಯಿ ಹಚ್ಚಿದ.

"ಅಣ್ಣಾ."

ಉತ್ತರಕ್ಕೆ ಕಾಯುವವನಂತೆ ಹಾಗೇ ಕುಳಿತ. ಕಪಾಟಿನ ಮೇಲೆ ಹಸಿರು ದೀಪ ಮಿಣುಕುತ್ತಲೇ ಇತ್ತು.