ಛೋಟೇ ಸರಕಾರದ ಹಗುರ ಮೋಟಾರು

ಮೂರು ವಾರ ನನ್ನ ಊಟ ಅಂದ್ರ ಹೊತ್ತಿಗಿ ಅರ್ಧ ಜೋಳದ ರೊಟ್ಟಿ. ಬ್ಯಾಳಿ ಇಲ್ಲ, ಪಲ್ಯ ಇಲ್ಲ. ಒಂದಿನ ಉಳ್ಳಾಗಡ್ಡಿ ಕೇಳ್ದೆ. ಹವೇಲಿ ಲೆಕ್ಕ ಬರಿಯೋ ಮುನಶಿ ನರಸಿಂಗರಾವ ನನ್ನ ಬಗಲಾಗ ಕೈ ಹಾಕಿ, ಕೂಸಿನಂಗ ಮ್ಯಾಲೆತ್ತಿ ನೋಡ್ದ.

"ಇನ್ನಾ ಭಾರ ಅದೀ. ಉಳ್ಳಾಗಡ್ಡಿ ಬ್ಯಾಡ," ಅಂದ.

ನಮ್ಮ ಮನ್ಯಾಗ ಜ್ವಾಳ ಇತ್ರಿ. ಸುಳ್ಳ ಯಾಕ ಹೇಳ್ಲಿ? ನಾ ಉಪಾಸ ಇದ್ದದ್ದು ಛೋಟೇ ಸರಕಾರದ ಮೋಟಾರು ಹಗುರಾಗ್ಲಿ ಅಂತ.

ಛೋಟೇ ಸರಕಾರ ಅಂದ್ರ ನಮ್ಮ ಜಾಗೀರದಾರರ ಮಗ. ಭಾಲ್ಕಿ, ಔರಾದ ಕಡಿ ಹನ್ನೊಂದು ಹಳ್ಳಿ ಅವರವು. ಬೀದರದಾಗ ಹವೇಲಿ. ಛೋಟೇ ಸರಕಾರದ ಹೆಂಡ್ತೀ ತಮ್ಮ ಒಬ್ಬ ಹೈದ್ರಾಬಾದಿನಿಂದ ಒಂದು ವಿಲಾಯತಿ ಮೋಟಾರು ತಂದು ಮೀಸಿ ತಿರುವಿದ್ದ. ಛೋಟೇ ಸರಕಾರಕ್ಕ ಹೊಟ್ಟಿ ಉರೀತು. ಆ ಹೊಟ್ಟಿ ಸಣ್ಣದಲ್ಲ, ಉರೀಲಿಕ್ಕ ಬಾಳ ಜಾಗ ಇತ್ತು.

"ನಾ ಮನ್ಯಾಗೇ ಮೋಟಾರು ಕಟ್ಟಿ ನಿನಗ ಸೋಲಸ್ತೀನಿ," ಅಂದ್ರು. "ಬೀದರದಿಂದ ಭಾಲ್ಕಿ, ಭಾಲ್ಕಿಯಿಂದ ಔರಾದ. ಯಾರು ಮೊದಲ ಮುಟ್ತಾರ ನೋಡೇ ಬಿಡಮಿ."

ಕಟ್ಟೋರು ಯಾರು? ಛೋಟೇ ಸರಕಾರ ಪೈಜಾಮದ ಲಾಡಿನೂ ಬ್ಯಾರೆಯವ್ರ ಕೈಲೆ ಕಟ್ಟಸ್ಕೋತಿದ್ರು. ಚಿದ್ರಿ ಊರಿನ ಬಡಗೇರಿಗಿ ಹುಕುಮ್ ಹೋತು, ಚೌಕಟ್ಟು ಮಾಡಿದ್ರು. ಮೈಲೂರಿನ ಟಾಂಗಾದವ್ರ ಗಾಲಿ ಕಿತ್ತು ತಂದ್ರು. ಎಲ್ಲಾ ಬೇಗಾರಿ. ಬೇಗಾರಿ ಅಂದ್ರ ಗೊತ್ತಲ್ರಿ? ಕೆಲಸ ನಿಂದು, ಕೂಲಿ ಇಲ್ಲ, ಮ್ಯಾಲ ಸಲಾಮೂ ನೀನೇ ಹೊಡೀಬೇಕು.

ಎಂಜಿನ್ ಒಂದು ಹಳೀ ಮೋಟಾರ ಸೈಕಲ್ಲಿಂದು. ಒಳಗಿನ ಸಾಮಾನು ಸವದು ಹೋಗಿದ್ವು. ಅವು ಹೊಸಾವು ಮಾಡೋ ಕೆಲಸ ನಮ್ಮ ಉಸ್ತಾದ ಬದ್ರೋದ್ದೀನರ ತಲಿ ಮ್ಯಾಲ ಬಿತ್ತು.

ಉಸ್ತಾದ ಬಿದ್ರಿ ಕೆಲಸದವ್ರು. ಹುಕ್ಕಾ, ಸುರಾಯಿ ಎರಕ ಹೊಯ್ಯೋದು, ಅದರ ಮ್ಯಾಲ ಕಲಮ್‌ಲೆ ಹೂಬಳ್ಳಿ ಕೊರಿಯೋದು, ಕೊರದಲ್ಲಿ ಬೆಳ್ಳಿ ತಂತಿ ಕೂಡ್ಸೋದು. ಕಲಮ್ ಅಂದ್ರ ಬರಿಯೋದಲ್ಲ, ಕೊರಿಯೋ ಸಣ್ಣ ಉಳಿ. ಐವತ್ತೆರಡು ಇದ್ವು, ಅವರ ಅಜ್ಜನ ಕಾಲದ್ವು. ನಾ ಮಚ್ಛೇಂದ್ರ. ಅವರ ಭಟ್ಟಿಗಿ ತಿದಿ ಊದಾಂವ. ಬೀದರಿಗಿ ತಂಬೂದಾಗ ಮಾತಾಡೋ ಸಿನೆಮಾ ಬಂದಾಗ ಹದಿನಾಕ ಸರ್ತಿ ಕೆಳಗಿಂದ ನುಸದು ನೋಡೇನಿ. ಅವತ್ತಿಂದ ನನ್ನ ಬಾಯಿ ನನ್ನ ಮಾತ ಕೇಳಂಗಿಲ್ಲ.

ಮುನಶಿ ಹುಕುಮ್ ತಂದಾಗ ನಾ ಎದಿ ಉಬ್ಬಿಸಿ ನಿಂತೆ. "ಜಾಲಿಮ್! ಈ ಭಟ್ಟ್ಯಾಗ ಕಿಡಿ ಇರೋತನಕ ಈ ತಲಿ ಬಗ್ಗಂಗಿಲ್ಲ!"

"ಸಿನೆಮಾ ಬಿಡೋ ಮಚ್ಛ್ಯಾ, ತಲಿ ಬಗ್ಸಿ ತಿದಿ ಊದು," ಅಂದ್ರು ಉಸ್ತಾದ.

ಮೊದಲ ಪಿಸ್ಟನ್. ಪಿಸ್ಟನ್ ಅಂದ್ರ ಎಂಜಿನ್ ಹೊಟ್ಟ್ಯಾಗ ಮ್ಯಾಲ ಕೆಳಗ ಓಡಾಡೋ ಬೋರಲ ಲೋಟ ಅನ್ರಿ. ಹಗುರ ಇರ್ಲಿ ಅಂತ ಅಲ್ಯುಮಿನಿಯಮ್ಮಿಂದು ಬೇಕಂದ್ರು. ಹವೇಲಿ ಅಡಗಿಮನಿಯಿಂದ ತೂತ ಬಿದ್ದ ಬಿರ್ಯಾನಿ ಡೇಗ್ ಒಂದು ಕಳಸಿದ್ರು. ಉಸ್ತಾದ ಕಿಲ್ಲೇದ ಮಣ್ಣು ನಾಲಿಗಿ ಮ್ಯಾಲ ಇಟ್ಟು ರುಚಿ ನೋಡಿದ್ರು. "ಇದು ಆಗ್ತದ," ಅಂತ ಔಡಲೆಣ್ಣಿ ಕಲಸಿ ಅಚ್ಚು ಕಟ್ಟಿದ್ರು. ಡೇಗ್ ಕರಗಿಸಿ ಹೊಯ್ದು, ತಿರುಗಣಿ ಖರಾದಿ ಮ್ಯಾಲ ಹಿಡದು ತಿರುವಿ, ಉಗುರ್ಲೆ ಸವರಿ ಸವರಿ ನೋಡಿದ್ರು. ಎಂಥಾ ಪಿಸ್ಟನ್ ಬಂತಂತೀರಿ! ಕುಬರಾ ಚಾಚಿ, ಉಸ್ತಾದರ ಹೆಂಡ್ತಿ, ಅದ್ರಾಗ ಮುಖ ನೋಡಿ ತಲಿ ಬಾಚ್ಕೊಂಡ್ರು.

ಎಂಜಿನ್ ಕೂಡಿಸಿದ್ವಿ. ಫಟ್ ಫಟ್ ಫಟ್ ಅಂತ ಎದ್ದು ನಿಂತು. ನಾವೆಲ್ಲಾ ಕುಣದಿವಿ. ಆಮ್ಯಾಲ ಛೋಟೇ ಸರಕಾರ ಗಾಡ್ಯಾಗ ಕುಂತ್ರು.

ಗಾಡಿನೂ ಕುಂತು.

"ಭಾರ ಅದಾ," ಅಂದ್ರು ಛೋಟೇ ಸರಕಾರ. "ಸಾಮಾನು ಹಗುರ ಮಾಡ್ರಿ."

ಭಾರ ಇದ್ದದ್ದು ಎಲ್ಲಾರ ಕಣ್ಣ ಮುಂದೇ ಕುಂತಿತ್ತು.

ಪಿಸ್ಟನ್ನಿಗಿ ಜೋಡ್ಸಿ ಗಾಲಿ ತಿರುಗಿಸೋ ಒಂದು ಕಬ್ಬಿಣ ಸಲಾಕಿ ಇರ್ತದ. ಅದಕ್ಕ ಜರಡಿ ಹಂಗ ತೂತ ಹೊಡೀಬೇಕಂತ ಮುನಶಿ ಬಂದು ಹೇಳ್ದ. "ಕಬ್ಬಿಣ ಕಡಿಮಿ ಆದ್ರ ಭಾರ ಕಡಿಮಿ."

ಉಸ್ತಾದ ನಾಕ ದಿನ ಕುಂತು ಇಪ್ಪತ್ತೆಂಟು ತೂತ ಹೊಡದ್ರು. ಸಲಾಕಿ ಮಲಮಲ್ ಬಟ್ಟ್ಯಾಗ ಸುತ್ತಿ ಹವೇಲಿಗಿ ಒಯ್ದಿವಿ. ಛೋಟೇ ಸರಕಾರ ಬಟ್ಟಿ ಬಿಚ್ಚಿದ್ರು. ಕಣ್ಣ ಕುಕ್ತು. ಇಪ್ಪತ್ತೆಂಟು ತೂತೂ ಬೆಳ್ಳಿಲೆ ತುಂಬಿದ್ವು. ಒಂದೊಂದರ ಮ್ಯಾಲ ಒಂದೊಂದು ಹೂವು. ಸಲಾಕಿ ಮೊದ್ಲಿಗಿಂತ ಭಾರ.

"ತೂತ ಎಲ್ಲಿ?"

"ತುಂಬೇನಿ ಹುಜೂರ್."

"ಯಾಕ?"

ಉಸ್ತಾದ ತಲಿ ಕೆರಕೊಂಡ್ರು. "ಕೊರಿಯೋದೇ ತುಂಬ್ಲಿಕ್ಕ ಅಲ್ರಿ ಹುಜೂರ್? ನಲವತ್ತು ವರ್ಷದ ಕೈ. ಖಾಲಿ ತೂತ ಕಂಡ್ರ ತಾನೇ ತಂತಿ ತಗೋತದ. ಮುಗದ ಮ್ಯಾಲ ನಂಗೂ ನೆನಪಾತು. ಆದ್ರ ಚಂದ ಬಂದದಲ್ರಿ?"

ನಾ ನಕ್ಕೆ. ಹೊಟ್ಟಿ ಹಿಡಕೊಂಡು ನಕ್ಕೆ.

ಛೋಟೇ ಸರಕಾರ ತಿರುಗಿ ನೋಡಿದ್ರು. "ಇವ ಯಾರು? ಬಾಳ ನಗ್ತಾನ. ರೇಸಿನ್ಯಾಗ ನನ್ನ ಬಾಜೂ ಕುಂಡ್ರಲಿಕ್ಕ ಮೆಕ್ಯಾನಿಕ್ ಒಬ್ಬ ಬೇಕು. ಇವನೇ ಇರ್ಲಿ. ಮುನಶಿ, ಇವನ್ನ ಹಗುರ ಮಾಡು."

ನನ್ನ ಅರ್ಧ ರೊಟ್ಟಿ ಚಾಲೂ ಆದದ್ದು ಹಂಗ. ಉಸ್ತಾದಗ ಅದಕ್ಕಿಂತ ಕೆಟ್ಟದು ಆತು. ಮುನಶಿ ನಮ್ಮ ಭಟ್ಟಿಗಿ ಬಂದು ಐವತ್ತೆರಡೂ ಕಲಮ್ ಒಂದು ಗೋಣಿಚೀಲದಾಗ ಕಟ್ಟಿ, ಬಾಯಿಗಿ ಅರಗು ಹಾಕಿ ಮೊಹರು ಒತ್ದ. ಛೋಟೇ ಸರಕಾರದ ಮಾತು ಹೇಳ್ದ: ಔರಾದಕ್ಕ ಅವರು ಮೊದಲ ಮುಟ್ಟಿದ್ರ ಕಲಮ್ ವಾಪಸ್. ಇಲ್ದಿದ್ರ ಕರಗಿಸಿ ಕುದ್ರಿ ನಾಲ.

ಉಸ್ತಾದ ತಮ್ಮ ಕೈ ನೋಡ್ಕೋತ ಕುಂತ್ರು.

"ಹೊಸಾವು ಮಾಡಸ್ಕೊಳ್ರಿ," ಅಂದ್ರು ಚಾಚಿ.

"ಹೊಸಾ ಕಲಮ್ ಕೈಗಿ ಕೂಡ್ಲಿಕ್ಕ ಹತ್ತು ವರ್ಷ ಬೇಕು ಕುಬರಾ. ನಂಗೀಗ ಅರವತ್ತು."

ಸಲಾಕಿದು ಬೆಳ್ಳಿ ಎಲ್ಲಾ ಅವರೇ ಒಂದೊಂದೇ ತಗದ್ರು. ಹಲ್ಲ ಕೀಳಸ್ಕೊಂಡಂಗ ಮುಖ ಮಾಡ್ತಿದ್ರು. ಆ ದಿನ ನಾನೂ ಸಿನೆಮಾ ಮಾತಾಡ್ಲಿಲ್ಲ.

ರೇಸಿನ ದಿನ ಮುಂಜಾನಿ ಕಿಲ್ಲೇ ಬಾಗಿಲಿನಿಂದ ಬಿಟ್ವಿ. ಛೋಟೇ ಸರಕಾರದ ಆ ಭಾವಮೈದುನ ಒಂದ ಸರ್ತಿ ಭೋಂ ಅಂದ, ಆಮ್ಯಾಲ ಬರೇ ಧೂಳ ಕಾಣಸ್ತು. ನಮ್ಮ ಹಿಂದ ಹವೇಲಿ ಲಾರಿ, ಅದ್ರಾಗ ಮುನಶಿ, ಉಸ್ತಾದ, ಕಲಮ್ಮಿನ ಚೀಲ. ನಾ ಛೋಟೇ ಸರಕಾರದ ಬಾಜೂ. ಬಾಜೂ ಅಂದ್ರ ಅವರು ಉಳಿಸಿದ ನಾಕ ಬಟ್ಟ ಜಾಗದಾಗ.

ಎಂಜಿನ್ ಬಿಸಿ ಆತು. ಖುದಾನ ಆಣಿ, ಬಿರ್ಯಾನಿ ವಾಸನಿ ಬಂತು. ನನ್ನ ಕಣ್ಣಾಗ ನೀರ ಬಂತು.

ಮೊದಲನೇ ಏರು ಬಂದಾಗ ಛೋಟೇ ಸರಕಾರ ಹಾರ್ನಿನ ಭೋಂಗಾ ಕಿತ್ತು ಒಗದ್ರು. ಎರಡನೇ ಏರಿಗಿ ನನ್ನ ಚಪ್ಲಿ ಒಗದ್ರು. ಮೂರನೇ ಏರಿಗಿ, "ಇಳಿ, ನೂಕು," ಅಂದ್ರು. ಇಳಕಲ ಬಂದ್ರ ನಾ ಹತ್ತೋದ್ರಾಗ ಮುಂದ ಹೋಗಿಬಿಡ್ತಿದ್ರು. ಏರು ಬಂದ್ರ ನಂಗ ಕಾಯ್ತಿದ್ರು. ಹಿಂಗ ನಾ ಭಾಲ್ಕಿತನಕ ರೇಸ್ ಓಡಿದೆ, ಬರಿಗಾಲ್ಲೆ.

ಭಾಲ್ಕಿ ಗಂಜ್, ಅಂದ್ರ ಕಾಳಿನ ಪ್ಯಾಟಿ, ಅದರ ಬಾಗಿಲ ಮುಂದ ಗಾಡಿ ಒಂದ ಸರ್ತಿ ಕೆಮ್ಮಿ ನಿಂತು ಬಿಟ್ತು. ತೊಗರಿ ಚೀಲ ಇಳಸ್ತಿದ್ದ ಹಮಾಲರು ಎಲ್ಲಾ ಸುತ್ತ ಕೂಡಿದ್ರು.

"ಮುಂದ ಹೋದ ಸಾಹೇಬರು ಎಲ್ಲಿ?" ಕೇಳ್ದ ಮುನಶಿ.

"ಈಗ ಔರಾದದಾಗ ಊಟ ಮುಗ್ಸಿ ಹಲ್ಲಾಗ ಕಡ್ಡಿ ಹಾಕ್ಕೊಂಡು ಕುಂತಿರ್ಬೇಕು," ಅಂದ್ಳು ಭೀಮಬಾಯಿ. ಗಂಜಿನ್ಯಾಗ ಮರ ಹಿಡದು ಕಾಳು ಕೇರಿ ಹಸನ ಮಾಡಾಕಿ. ಮರದ ಹಂಗ ಬಾಯಿನೂ ಝಾಡಸ್ತಾಳ.

ಛೋಟೇ ಸರಕಾರದ ಮುಖ ಕೆಂಪಗಾತು. "ಈ ಬದ್ರೋದ್ದೀನ ಭಾರ ಸಾಮಾನು ಹಾಕಿ ಮೋಸ ಮಾಡ್ಯಾನ! ಬಿಚ್ಚಿ ತೂಗ್ರಿ, ಎಲ್ಲಾರ ಮುಂದ. ಆಮ್ಯಾಲ ಇಲ್ಲೇ ಕಂಬಾರನ ಭಟ್ಟ್ಯಾಗ ಕಲಮ್ ಹಾಕ್ರಿ."

ಉಸ್ತಾದ ಎಂಜಿನ್ ಬಿಚ್ಚಿದ್ರು. ಗಂಜಿನ ನಡುವ ದೊಡ್ಡ ತಕ್ಕಡಿ ಇತ್ತು. ಮೂರು ಎತ್ತರ ಕಂಬಕ್ಕ ದಂಡಿ, ಎರಡೂ ಕಡಿ ಸರಪಳಿ, ಸರಪಳಿಗಿ ಹಲಗಿ. ತೂಕ ಮಾಡೋ ಹಾವಗೆಪ್ಪ ಸಣ್ಣ ತಕ್ಕಡಿ ಮೊದಲ ತಂದ. ಪಿಸ್ಟನ್ ಇಟ್ಟ.

"ಪಾವು ಸೇರು!"

ಸಲಾಕಿ ಇಟ್ಟ.

"ಅರ್ಧ ಸೇರಿಗಿ ಕಡಿಮಿ!"

"ಹಂಗಾದ್ರ," ಅಂದ್ರು ಛೋಟೇ ಸರಕಾರ, "ಭಾರ ಎಲ್ಲಿಂದ ಬಂತು?"

ಹಮಾಲರೆಲ್ಲಾ ಆಕಾಶ ನೋಡಿದ್ರು. ಮುನಶಿ ತನ್ನ ಜೋಡು ನೋಡ್ಕೊಂಡ. ಅವಾಗ ನನ್ನ ಬಾಯಿ ತಾನೇ ತೆಗೀತು.

"ಹುಜೂರ್! ಹಿಂದ ಬಾದಶಾಹಗೋಳಿಗಿ ಬಂಗಾರದಾಗ ತೂಗತಿದ್ರಂತ. ಈ ಬಡ ಗಂಜಿನ್ಯಾಗ ಬಂಗಾರ ಇಲ್ಲ, ತೊಗರಿ ಅದಾ. ರೇಸ್ ಹೋದ್ರ ಹೋಗ್ಲಿ. ರೌಬ್, ಆ ದೌಲತ್ತು, ಹೋಗಬಾರ್ದು! ಒಂದ ಸರ್ತಿ ಈ ತಕ್ಕಡಿ ಮ್ಯಾಲ ಪಾದ ಇಡ್ರಿ. ಭಾಲ್ಕಿ ಮಂದಿ ಮಕ್ಕಳ ಮಕ್ಕಳಿಗಿ ಹೇಳ್ತಾರ!"

ಛೋಟೇ ಸರಕಾರ ಮೀಸಿ ಮುಟ್ಕೊಂಡ್ರು. ಭೀಮಬಾಯಿ ನನ್ನ ಮುಖ ನೋಡಿದ್ಳು. ಒಂದ ಕಣ್ಣ ಸಣ್ಣ ಮಾಡಿದ್ಳು.

"ಖರೇ ರೀ ಸರಕಾರ," ಅಂದ್ಳು. "ನಿಮ್ಮಂಥೋರು ಕುಂತ್ರ ತಕ್ಕಡಿಗಿ ಮರ್ಯಾದಿ."

ಹತ್ತಿ ಕುಂತ್ರು ನೋಡ್ರಿ, ಪಗಡಿ ಸರಿ ಮಾಡ್ಕೊಂಡು! ಈ ಕಡಿ ಹಲಗಿ ನೆಲಕ್ಕ ಅಂಟ್ತು. ಆ ಕಡಿ ಹಮಾಲರು ಒಂದು ತೊಗರಿ ಚೀಲ ಇಟ್ರು. ತೂಕದವ್ರು ಒಂದು ಅನ್ನಂಗಿಲ್ಲ, ಶುಭಕ್ಕಂತ ಲಾಭ ಅಂತಾರ.

"ಲಾಭ!" ಅಂದ ಹಾವಗೆಪ್ಪ. ಛೋಟೇ ಸರಕಾರ ಅಲುಗಾಡ್ಲಿಲ್ಲ.

ಎರಡನೇ ಚೀಲ ಇಟ್ರು.

"ಎರಡು!"

ಕಿರ್ರ್ ಅಂತ ದಂಡಿ ಎದ್ತು. ಛೋಟೇ ಸರಕಾರ ಮ್ಯಾಲ ಹೋದ್ರು. ಎದಿ ಎತ್ತರಕ್ಕ ಹೋಗಿ ಸರಪಳಿ ಹಿಡಕೊಂಡು ತೂಗ್ಯಾಡಿದ್ರು.

"ಮೂರೂವರಿ ಮಣ ಮ್ಯಾಲ!" ಹಾವಗೆಪ್ಪ ಕೂಗ್ದ. "ಭಾರ ಸಿಕ್ತ್ ರಿ ಸರಕಾರ!"

ಗಂಜ್ ಸಿಡದು ಹೋದಂಗ ನಕ್ತು. ಉಸ್ತಾದರೂ ನಕ್ರು. ಮೂರು ವಾರದ ಮ್ಯಾಲ ಅವರ ಹಲ್ಲ ಕಂಡೆ.

"ಇಳಸ್ರಿ!" ಛೋಟೇ ಸರಕಾರ ಒದರಿದ್ರು. ಹಲಗಿ ಗಿರ್ರನ ತಿರುಗ್ತು, ಬೆನ್ನ ನಮ್ಮ ಕಡಿ ಆತು. ಬೈಗಳೆಲ್ಲಾ ಗ್ವಾಡಿಗಿ ಹೋದ್ವು.

"ಇಳಿಬೇಕಂದ್ರ ಆ ಕಡಿ ಚೀಲ ಎತ್ತಬೇಕ್ರಿ," ಅಂದ ಹಾವಗೆಪ್ಪ. "ಎತ್ತೋರು ಹಮಾಲರು."

"ಎತ್ರೋ!" ಅಂದ ಮುನಶಿ.

ಹಮಾಲರು ಒಬ್ಬರ ಮುಖ ಒಬ್ಬರು ನೋಡಿದ್ರು. ನಿಂತಲ್ಲೇ ಕುಂತ್ರು. ಒಬ್ಬಂವ ಬೀಡಿ ಹಚ್ಚಿದ.

"ಕೂಲಿ ಇಲ್ದ ಎತ್ತಂಗಿಲ್ರಿ," ಅಂದ್ಳು ಭೀಮಬಾಯಿ. "ಫುಕಟ್ ಎತ್ತಿ ಎತ್ತಿ ಇವರ ಬೆನ್ನ ಬಿಲ್ಲಾಗ್ಯಾವ. ನೀವೇ ಎತ್ರಿ ಮುನಶೇರ. ಹಗುರ ಅವ."

ಮುನಶಿ ಧೋತ್ರ ಕಟ್ಟಿ ಚೀಲಕ್ಕ ಕೈ ಹಾಕ್ದ. ಚೀಲ ಬರ್ಲಿಲ್ಲ, ಧೋತ್ರ ಬಂತು. ಅದನ್ನ ಹಿಡಕೊಂಡು ದೂರ ನಿಂತ.

ಛೋಟೇ ಸರಕಾರ ತಿರುಗಿ ಮತ್ತ ನಮ್ಮ ಕಡಿ ಬಂದ್ರು. "ಏನ್ ಬೇಕ್ರೋ ನಿಮಗ?"

ನಾ ಮುಂದ ಬಂದು ಎದಿ ಉಬ್ಬಿಸ್ದೆ. ದೊಡ್ಡ ಮಾತು ಒಂದು ಗಂಟಲತನಕ ಬಂದಿತ್ತು. ಉಸ್ತಾದ ನನ್ನ ಹೆಗಲ ಮ್ಯಾಲ ಕೈ ಇಟ್ಟು ಬಾಜೂಕ ಸರಿಸಿದ್ರು. ಅವರು ಜಾಗೀರದಾರರ ಮುಂದ ತಲಿ ಎತ್ತಿ ಮಾತಾಡಿದ್ದು ನಾ ಎಂದೂ ನೋಡಿಲ್ಲ. ಅವತ್ತ ಎತ್ತಲೇಬೇಕಾಗಿತ್ತು, ಛೋಟೇ ಸರಕಾರ ಮ್ಯಾಲ ಇದ್ರಲ್ಲ.

"ನನ್ನ ಕಲಮ್ ಕೊಡ್ರಿ," ಅಂದ್ರು.

"ಕೊಡು ಮುನಶಿ! ಕೊಟ್ಟು ಒಗಿ!"

ಮುನಶಿ ಒಂದ ಕೈಲೆ ಧೋತ್ರ, ಒಂದ ಕೈಲೆ ಚೀಲ ಹಿಡಕೊಂಡು ಬಂದ. ಉಸ್ತಾದ ಮೊಹರು ಒಡದ್ರು. ನೆಲಕ್ಕ ಹೆಗಲ ಮ್ಯಾಲಿನ ಬಟ್ಟಿ ಹಾಸಿ, ಒಂದೊಂದೇ ತಗದು, ತುದಿ ಹೆಬ್ಬೆರಳಿಗಿ ಹಚ್ಚಿ ನೋಡಿ ಇಟ್ರು. ಅವಸರ ಮಾಡ್ಲಿಲ್ಲ. ಐವತ್ತೆರಡೂ ಇದ್ವು.

"ಆತಲ್ಲ?" ಅಂದ್ರು ಛೋಟೇ ಸರಕಾರ. "ಈಗ ಇಳಸ್ರಿ."

"ಅವರದು ಆತು," ಅಂದ್ಳು ಭೀಮಬಾಯಿ. ಕೈಯಾಗಿನ ಮರ ಬದೀಗಿಟ್ಟು ಎದ್ಳು. ತಕ್ಕಡಿ ಮುಂದ ಹೋಗಿ ನಿಂತ್ಳು. "ಸರಕಾರ, ಹೋದ ವರ್ಷ ನಿಮ್ಮ ಮಂದಿ ನನ್ನ ಎಮ್ಮಿ ಹೊಡಕೊಂಡು ಹೋಗ್ಯಾರ. ಹಾಲು ಕುಡದು ವಾಪಸ್ ಕೊಡ್ತೀವಿ ಅಂದಿದ್ರು. ಕುಡದು ಆತೇನ್ರಿ?"

ಆಕಿ ಹಿಂದ ಒಬ್ಬ ಹಮಾಲ ಬಂದು ನಿಂತ. ಅವನದು ಬಂಡಿ ಗಾಲಿ ಒಯ್ದಿದ್ರು. ಅವನ ಹಿಂದ ಇನ್ನೊಬ್ಬಂವ, ಮನಿ ಬಾಗಿಲು. ಬಾಗಿಲು ಯಾಕ ಒಯ್ದ್ರಂತ ಅವನಿಗೂ ಗೊತ್ತಿದ್ದಿಲ್ಲ. ಗಂಜಿನ ಬಾಗಿಲ ಚೌಕ್ಯಾಗ ಒಬ್ಬ ಪೊಲೀಸ ಜವಾನ ಇದ್ದ. ಮುನಶಿ, "ಏ ಜವಾನ, ಬಾ ಇಲ್ಲಿ!" ಅಂತ ಕರದ. ಜವಾನ ಬಂದ. ಟೊಪ್ಪಿಗಿ ತಗದು ಬಗಲಾಗ ಇಟ್ಕೊಂಡು ಸಾಲಿನ್ಯಾಗ ಏಳನೇದವ ಆಗಿ ನಿಂತ. ಅವನವು ಎರಡು ಹುಂಜ.

ಸಾಲು ಗಂಜಿನ ಬಾಗಿಲು ದಾಟ್ತು. ಅಂಗಡಿಯಿಂದ, ಹೊಲದಿಂದ ಮಂದಿ ಬರ್ಲಿಕ್ಕ ಹತ್ತಿದ್ರು.

ಮುನಶಿ ಕಟ್ಟೀ ಮ್ಯಾಲ ಕುಸದು ಕುಂತ. "ಇನ್ನ ಏಟು ಮಂದಿ ಅದೀರಿ?"

ಭೀಮಬಾಯಿ ಬಿಸಲಿಗಿ ಕೈ ಅಡ್ಡ ಹಿಡದು ರಸ್ತಾ ಕಡಿ ನೋಡಿದ್ಳು.

"ತಡೀರಿ," ಅಂದ್ಳು. "ಔರಾದಿನ ಬಸ್ಸು ಇನ್ನಾ ಬಂದಿಲ್ಲ."